ಇಲ್ಲಿ ಐದು ನಕ್ಷತ್ರ, ಅಲ್ಲಿ ಸೊನ್ನೆ: ಆಸ್ಟ್ರೇಲಿಯಾದವರ ಕಣ್ಣಲ್ಲಿ ಭಾರತದ ಕಾರು

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಸಾಗುವ ರಸ್ತೆಯಲ್ಲಿ ಬಾಶೆಟ್ಟಿಹಳ್ಳಿ ಸಿಗುತ್ತದೆ. ಕೈಗಾರಿಕಾ ಪ್ರದೇಶದ ಲಾರಿಗಳು, ಕಾರ್ಖಾನೆಯ ಬಸ್ಸುಗಳು, ಪಾಳಿ ಮುಗಿಸಿ ಹೊರಟವರ ಬೈಕುಗಳು, ರಸ್ತೆ ದಾಟಲು ಕಾದು ನಿಂತ ಪಾದಚಾರಿಗಳು, ಇವೆಲ್ಲದರ ನಡುವೆ ದಾರಿ ಮಾಡಿಕೊಂಡು ನುಗ್ಗುವ ಸ್ಕಾರ್ಪಿಯೋ. ಮಹೀಂದ್ರ ಸಂಸ್ಥೆಯ ಇದೇ ಕಾರು 2023ರಲ್ಲಿ ಆಸ್ಟ್ರೇಲಿಯಾದ ಮಾರುಕಟ್ಟೆಗೂ ಕಾಲಿಟ್ಟಿತು. ಅಲ್ಲಿ ಅದಕ್ಕಾದ ಸ್ವಾಗತ ನಮ್ಮ ಓದುಗರಿಗೆ ಅಚ್ಚರಿ ತರುವಂತಹದು.

2022ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಸ್ಕಾರ್ಪಿಯೋ-ಎನ್ ಕಾರನ್ನು ಪರೀಕ್ಷಿಸಿ, ವಯಸ್ಕ ಪ್ರಯಾಣಿಕರ ಸುರಕ್ಷತೆಯಲ್ಲಿ 34ಕ್ಕೆ 29.25 ಅಂಕಗಳೊಡನೆ ಐದು ನಕ್ಷತ್ರಗಳನ್ನು ನೀಡಿತ್ತು. ಮರುವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಸುರಕ್ಷತಾ ಮಾಪನ ಸಂಸ್ಥೆಯಾದ ಆನ್‌ಕ್ಯಾಪ್ ಅದೇ ಹೆಸರಿನ ಕಾರಿಗೆ ಕೊಟ್ಟದ್ದು ಸೊನ್ನೆ ನಕ್ಷತ್ರ. ಎರಡು ಸಂಸ್ಥೆಗಳಲ್ಲಿ ಒಂದು ಸುಳ್ಳು ಹೇಳಿತೆಂದು ಭಾವಿಸಬೇಕಾಗಿಲ್ಲ. ಅವು ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು.

ಪ್ರಶ್ನೆಪತ್ರಿಕೆಯ ವ್ಯತ್ಯಾಸ

ಗ್ಲೋಬಲ್ ಎನ್‌ಕ್ಯಾಪ್‌ನ ಭಾರತದ ಕಾರ್ಯಕ್ರಮವು ಮುಖ್ಯವಾಗಿ ಒಂದು ಸಂಗತಿಯನ್ನು ನೋಡುತ್ತದೆ. ಡಿಕ್ಕಿಯಾದ ಮೇಲೆ ಒಳಗಿದ್ದವರು ಎಷ್ಟರಮಟ್ಟಿಗೆ ಉಳಿಯುತ್ತಾರೆ ಎಂಬುದೇ ಆ ಸಂಗತಿ. 2014ರಲ್ಲಿ ಅದು ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿದಾಗ ಐದಕ್ಕೂ ಸೊನ್ನೆಯೇ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಭಾರತದ ಕಾರುಗಳ ಗಟ್ಟಿತನ ಬಹುದೂರ ಸಾಗಿ ಬಂದಿದೆ ಎಂಬುದರಲ್ಲಿ ಸಂಶಯವಿಲ್ಲ.

ಆನ್‌ಕ್ಯಾಪ್ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಹುಟ್ಟಿದ ಈ ಸಂಸ್ಥೆ 2018ರಿಂದ ಯೂರೋಪಿನ ಮಾಪನ ಕ್ರಮವನ್ನೇ ಅನುಸರಿಸುತ್ತಿದೆ. ವಯಸ್ಕರ ರಕ್ಷಣೆ, ಮಕ್ಕಳ ರಕ್ಷಣೆ, ಕಾರಿನ ಹೊರಗಿರುವ ಪಾದಚಾರಿ ಹಾಗೂ ಸೈಕಲ್ ಸವಾರರ ರಕ್ಷಣೆ, ಅಪಘಾತವನ್ನೇ ತಪ್ಪಿಸುವ ತಂತ್ರಜ್ಞಾನ, 2025ರವರೆಗೆ ಈ ನಾಲ್ಕಕ್ಕೂ ಬೇರೆ ಬೇರೆ ಅಂಕಗಳಿದ್ದವು. ನಾಲ್ಕರಲ್ಲಿ ಯಾವುದು ಅತಿ ದುರ್ಬಲವೋ ಅದೇ ನಕ್ಷತ್ರಗಳ ಸಂಖ್ಯೆಯನ್ನು ಕೆಳಗೆಳೆಯುತ್ತಿತ್ತು. ಒಂದು ವಿಷಯದಲ್ಲಿ ನಪಾಸಾದರೆ ಉಳಿದ ಅಂಕಗಳು ಕೈಹಿಡಿಯುವುದಿಲ್ಲ ಎಂಬ ನಮ್ಮ ಪರೀಕ್ಷೆಗಳ ಹಳೆಯ ನಿಯಮವನ್ನು ಇದು ನೆನಪಿಸುತ್ತದೆ.

ಸ್ಕಾರ್ಪಿಯೋ ಅಲ್ಲಿ ಪಡೆದ ಅಂಕಗಳು ಹೀಗಿವೆ: ವಯಸ್ಕರ ರಕ್ಷಣೆ ಶೇ. 44, ಮಕ್ಕಳ ರಕ್ಷಣೆ ಶೇ. 80, ಹೊರಗಿನವರ ರಕ್ಷಣೆ ಶೇ. 23, ಸುರಕ್ಷತಾ ತಂತ್ರಜ್ಞಾನ ಶೇ. 0. ಕಡೆಯ ಸೊನ್ನೆಗೆ ಪ್ರಮುಖ ಕಾರಣ, ಎದುರಿಗೆ ಅಡಚಣೆ ಕಂಡಾಗ ಕಾರು ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ಅದರಲ್ಲಿ ಇಲ್ಲದಿದ್ದುದು. ಆಸ್ಟ್ರೇಲಿಯಾ ಸರ್ಕಾರ ಈ ವ್ಯವಸ್ಥೆಯನ್ನು 2023ರ ಮಾರ್ಚ್‌ನಿಂದ ಹೊಸ ಮಾದರಿಗಳಿಗೂ, 2025ರ ಮಾರ್ಚ್‌ನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯಗೊಳಿಸಿದೆ. ಭಾರತದಲ್ಲಿ ಸ್ಕಾರ್ಪಿಯೋ-ಎನ್‌ನ ದುಬಾರಿ ಆವೃತ್ತಿಗೆ ಇಂತಹ ಚಾಲಕ ಸಹಾಯಕ ವ್ಯವಸ್ಥೆ ದೊರೆತದ್ದು 2025ರಲ್ಲಿ.

ತಾನಾಗಿ ಬೀಳುವ ಬ್ರೇಕ್ ನಮ್ಮ ರಸ್ತೆಗೆ ಹೊಂದುವುದಿಲ್ಲ, ಎಮ್ಮೆ ಅಡ್ಡ ಬಂದಾಗಲೆಲ್ಲ ಕಾರು ನಿಂತರೆ ಹಿಂದಿನ ಲಾರಿ ಬಂದು ಗುದ್ದುತ್ತದೆ ಎಂಬ ವಾದವನ್ನು ಇಲ್ಲಿನ ವಾಹನಪ್ರಿಯರು ಮುಂದಿಡುವುದುಂಟು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸೊನ್ನೆಯ ಗದ್ದಲದಲ್ಲಿ ಮರೆಯಾದ ಇನ್ನೊಂದು ಅಂಕ, ಅಂದರೆ ಹೊರಗಿನವರ ರಕ್ಷಣೆಯ ಶೇ. 23, ಬಾಶೆಟ್ಟಿಹಳ್ಳಿಯಂತಹ ಊರಿಗೆ ಹೆಚ್ಚು ಸಂಬಂಧಪಟ್ಟದ್ದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ. 19ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಅದೇ ವರ್ಷ ಇಡೀ ಆಸ್ಟ್ರೇಲಿಯಾದಲ್ಲಿ ಸತ್ತವರು ಸುಮಾರು 1,200. ಕಾರಿನ ಹೊರಗಿರುವವರೇ ಹೆಚ್ಚು ಸಾಯುವ ದೇಶದಲ್ಲಿ, ಮುಖ್ಯವಾಗಿ ಒಳಗಿರುವವರ ರಕ್ಷಣೆಯನ್ನು ಎಣಿಸಿ ಕೊಟ್ಟ ನಕ್ಷತ್ರಗಳು ಜಾಹೀರಾತಿನಲ್ಲಿ ಮಿನುಗುತ್ತಿವೆ.

ತಯಾರಕರಿಲ್ಲದ ದೇಶ

ಆಸ್ಟ್ರೇಲಿಯಾದ ವಿಮರ್ಶಕರು ಇಷ್ಟು ನಿಷ್ಠುರರಾಗಲು ಅಲ್ಲಿನ ಚರಿತ್ರೆಯೂ ಒಂದು ಕಾರಣವಿರಬಹುದು. 1948ರ ನವೆಂಬರ್‌ನಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಬಿಡುಗಡೆ ಮಾಡಿದಂದಿನಿಂದ ಆ ದೇಶ ತನ್ನ ಕಾರುಗಳ ಬಗ್ಗೆ ಅಭಿಮಾನ ಬೆಳೆಸಿಕೊಂಡಿತ್ತು. ಹೋಲ್ಡನ್ ಪಕ್ಷದವರು, ಫೋರ್ಡ್ ಪಕ್ಷದವರು ಎಂದು ಮನೆಗಳೇ ಒಡೆದು ನಿಲ್ಲುತ್ತಿದ್ದವು. ಬಾಥರ್ಸ್ಟ್‌ನ ಸಾವಿರ ಕಿಲೋಮೀಟರ್ ಪಂದ್ಯದ ದಿನವಂತೂ ಕೇಳುವುದೇ ಬೇಡ. 2016ರ ಅಕ್ಟೋಬರ್‌ನಲ್ಲಿ ಫೋರ್ಡ್, 2017ರ ಅಕ್ಟೋಬರ್‌ನಲ್ಲಿ ಟೊಯೊಟಾ ಮತ್ತು ಹೋಲ್ಡನ್ ಅಲ್ಲಿನ ಕಾರ್ಖಾನೆಗಳಿಗೆ ಬೀಗ ಹಾಕಿದವು. 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೇ ಜನರಲ್ ಮೋಟಾರ್ಸ್ ಕೈಬಿಟ್ಟಿತು. ಕಾಪಾಡಬೇಕಾದ ಸ್ವಂತ ಉದ್ಯಮವಿಲ್ಲದ ಮೇಲೆ ದಾಕ್ಷಿಣ್ಯವೂ ಇರುವುದಿಲ್ಲ. ಥಾಯ್ಲೆಂಡ್, ಚೀನಾ, ಭಾರತ ಎಲ್ಲಿಂದಲೇ ಬರಲಿ, ಎಲ್ಲರಿಗೂ ಒಂದೇ ತಕ್ಕಡಿ. 2023ರಲ್ಲಿ ಸೊನ್ನೆ ಪಡೆದವರಲ್ಲಿ ಚೀನಾದ ಎಂಜಿ-5 ಕೂಡ ಇತ್ತು.

ಭಾರತದ ವಾಹನಗಳು ಅಲ್ಲಿಗೆ ಹೋದದ್ದು ಇಂದು ನಿನ್ನೆಯಲ್ಲ. ಮಹೀಂದ್ರ 2005ರಲ್ಲಿ ಟ್ರಾಕ್ಟರಿನೊಡನೆ ಬ್ರಿಸ್ಬೇನ್ ತಲುಪಿ, 2007ರಲ್ಲಿ ಪಿಕ್-ಅಪ್ ಮಾರಲಾರಂಭಿಸಿತು. 2009ರಲ್ಲಿ ಮಾನೇಸರದ ಸುಜುಕಿ ಆಲ್ಟೊ, 2010ರಲ್ಲಿ ಚೆನ್ನೈನ ಹುಂಡೈ ಐ-20 ಹೊರಟವು. ಕಾಲೇಜು ಹುಡುಗರಿಗೆ, ಹೊಸದಾಗಿ ವಲಸೆ ಬಂದವರಿಗೆ ಅಗ್ಗದ ಕಾರು ಎಂಬ ಹೆಸರು ಅವಕ್ಕಿತ್ತು.

ಒಂದೇ ಕಾರು, ಎರಡು ಅಭಿರುಚಿ

ನಕ್ಷತ್ರಗಳ ಲೆಕ್ಕ ಬಿಟ್ಟು ಬರಿಯ ಇಷ್ಟಾನಿಷ್ಟದ ಮಾತಿಗೆ ಬಂದರೆ ವ್ಯತ್ಯಾಸ ಇನ್ನೂ ಸೊಗಸಾಗಿದೆ. ಬೆಂಗಳೂರು ದಕ್ಷಿಣ ಜಿಲ್ಲೆಯ ಬಿಡದಿಯಲ್ಲಿ 2009ರಿಂದ ತಯಾರಾಗುವ ಟೊಯೊಟಾ ಫಾರ್ಚ್ಯೂನರ್ ನಮ್ಮಲ್ಲಿ ಶಾಸಕರ, ಗುತ್ತಿಗೆದಾರರ, ಜಮೀನು ಮಾರಿ ಹಣ ಕಂಡವರ ವಾಹನ. ದೇವನಹಳ್ಳಿ ಸುತ್ತಮುತ್ತ ಒಂದು ಮದುವೆಗೆ ಹೋದರೆ ಸಾಕು, ಇದರ ಪ್ರತಿಷ್ಠೆ ಏನೆಂದು ತಿಳಿಯುತ್ತದೆ. 2015ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಅದೇ ಹೆಸರಿನ ಕಾರು ಪ್ರಾಡೊದ ನೆರಳಿನಿಂದ ಹೊರಬರಲಿಲ್ಲ. ಅಲ್ಲಿ ಮನಸೋತದ್ದು ಹೈಲಕ್ಸ್‌ಗೆ. 2016ರಿಂದ 2022ರವರೆಗೆ ಸತತ ಏಳು ವರ್ಷ ಅದು ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ವಾಹನ. ಹಿಂದೆ ತೆರೆದ ತೊಟ್ಟಿಯಿರುವ ಇಂತಹ ವಾಹನಗಳನ್ನು ಅಲ್ಲಿನವರು ‘ಯೂಟ್’ ಎನ್ನುತ್ತಾರೆ. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವ ವಾಹನ ಬೇಕೆಂದು ರೈತನ ಹೆಂಡತಿಯೊಬ್ಬಳು ಫೋರ್ಡ್ ಸಂಸ್ಥೆಗೆ ಪತ್ರ ಬರೆದಳೆಂದೂ, ಅದರಿಂದಲೇ 1934ರಲ್ಲಿ ಮೊದಲ ಯೂಟ್ ಹುಟ್ಟಿತೆಂದೂ ಹೇಳಲಾಗುತ್ತದೆ. 2022ರಲ್ಲಿ ಹೈಲಕ್ಸ್ ಭಾರತಕ್ಕೂ ಬಂತು. ಸುಮಾರು 34 ಲಕ್ಷ ರೂಪಾಯಿಯಿಂದ ಆರಂಭವಾದ ಬೆಲೆ ಕೊಟ್ಟು ಸರಕು ಗಾಡಿಯಂತೆ ಕಾಣುವುದನ್ನು ಮನೆ ಮುಂದೆ ನಿಲ್ಲಿಸಲು ನಮ್ಮವರ ಮನಸ್ಸು ಒಪ್ಪಲಿಲ್ಲ.

ಭಾರತದಲ್ಲೇ ತಯಾರಾಗುವ ಐದು ಬಾಗಿಲಿನ ಸುಜುಕಿ ಜಿಮ್ನಿಯದು ತಿರುಗುಮುರುಗು ಕಥೆ. 2023ರ ಜೂನ್‌ನಲ್ಲಿ 12.74 ಲಕ್ಷ ರೂಪಾಯಿಗೆ ಇಲ್ಲಿ ಬಿಡುಗಡೆಯಾದಾಗ ನಾಲ್ಕೇ ಜನ ಕೂರುವ ಕಾರಿಗೆ ಇಷ್ಟು ಹಣವೇ ಎಂದವರೇ ಹೆಚ್ಚು. ಅದೇ ವರ್ಷ ಜಿಮ್ನಿ ಎಕ್ಸ್ಎಲ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾ ತಲುಪಿದ ಅದನ್ನು, ಕಡಿಮೆ ಬೆಲೆಗೆ ಸಿಗುವ ಅಪ್ಪಟ ಕಾಡುಮೇಡಿನ ವಾಹನವೆಂದು ಅಲ್ಲಿನ ವಾಹನಪ್ರಿಯರು ಬರಮಾಡಿಕೊಂಡರು.

ಕೊಳ್ಳುವವರು ನೋಡಬೇಕಾದದ್ದು

ನಕ್ಷತ್ರಗಳನ್ನು ನೋಡುವಾಗ ಪರೀಕ್ಷೆ ನಡೆದ ವರ್ಷ, ಪರೀಕ್ಷಿಸಿದ ಸಂಸ್ಥೆ ಮತ್ತು ಆವೃತ್ತಿಯನ್ನು ಗಮನಿಸುವುದು ಅಗತ್ಯ. ಆನ್‌ಕ್ಯಾಪ್ ತನ್ನ ಅಂಕಗಳಿಗೆ ಆರು ವರ್ಷಗಳ ಅವಧಿ ನಿಗದಿಪಡಿಸಿದೆ. ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ರಫ್ತಾಗುವ ಕಾರಿನಲ್ಲಿರುವ ಉಪಕರಣಗಳೆಲ್ಲ ಇಲ್ಲಿ ಮಾರುವ ಕಾರಿನಲ್ಲೂ ಇರಲೇಬೇಕೆಂದಿಲ್ಲ; ಇದರ ವಿರುದ್ಧವೂ ನಿಜ. 2025ರ ಡಿಸೆಂಬರ್‌ನಲ್ಲಿ, ಭಾರತದಲ್ಲಿ ತಯಾರಾದ ಸುಜುಕಿ ಫ್ರಾಂಕ್ಸ್ ಆನ್‌ಕ್ಯಾಪ್ ಪರೀಕ್ಷೆಗೆ ಒಳಗಾದಾಗ ಹಿಂದಿನ ಸೀಟಿನ ಬೆಲ್ಟ್ ಹಿಡಿತ ತಪ್ಪಿತು. ಕಾರಿಗೆ ಒಂದು ನಕ್ಷತ್ರ ಬಂತು, ಆಸ್ಟ್ರೇಲಿಯಾದಲ್ಲಿ ಅದರ ಮಾರಾಟವನ್ನು ತಡೆಹಿಡಿಯಲಾಯಿತು.

ಸೀಟ್ ಬೆಲ್ಟ್‌ನ ಮಾತಿನಲ್ಲಿ ಆ ದೇಶ ಮೊದಲಿನಿಂದಲೂ ಕಟ್ಟುನಿಟ್ಟು. ಈಗಿನ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ರೂಪಿಸಿದ್ದು ವೋಲ್ವೊ. ಅದೇ ಸಂಸ್ಥೆ 2017ರಿಂದ ನಮ್ಮ ಹೊಸಕೋಟೆಯಲ್ಲಿ ಕಾರು ಜೋಡಿಸುತ್ತಿದೆ. ಬೆಲ್ಟ್ ಧರಿಸುವುದನ್ನು ಜಗತ್ತಿನಲ್ಲೇ ಮೊದಲು ಕಡ್ಡಾಯಗೊಳಿಸಿದ್ದು ಮೆಲ್ಬರ್ನ್ ರಾಜಧಾನಿಯಾಗಿರುವ ವಿಕ್ಟೋರಿಯಾ ರಾಜ್ಯ, 1970ರ ಡಿಸೆಂಬರ್‌ನಲ್ಲಿ. ಕರ್ನಾಟಕದಲ್ಲಿ ಹಿಂದಿನ ಸೀಟಿನವರೂ ಬೆಲ್ಟ್ ಧರಿಸದಿದ್ದರೆ 1,000 ರೂಪಾಯಿ ದಂಡ ವಿಧಿಸುವಂತೆ ಪೊಲೀಸರಿಗೆ ಸೂಚನೆ ಹೋದದ್ದು 2022ರ ಅಕ್ಟೋಬರ್‌ನಲ್ಲಿ.