ಊರಿನ ಬಾವುಟವೋ ಮನೆತನದ ಬಾವುಟವೋ: ಬಸವಾಪಟ್ಟಣದ ನೆವದಲ್ಲಿ ಒಂದು ತಕರಾರು

2017ರಲ್ಲಿ ರಾಜ್ಯ ಸರ್ಕಾರ ನಾಡಧ್ವಜಕ್ಕಾಗಿ ಸಮಿತಿ ನೇಮಿಸಿದಂದಿನಿಂದ ಧ್ವಜಚರಿತ್ರೆ ಬರೆಯುವವರು ಹೆಚ್ಚಿದ್ದಾರೆ. ಸಂತೋಷವೇ. ಆದರೆ ಅವರಲ್ಲಿ ಹಲವರು ಶಾಸನದಲ್ಲಿ ‘ಲಾಂಛನ’ ಕಂಡಕೂಡಲೇ ಅದನ್ನು ಕೋಲಿಗೆ ಕಟ್ಟಿ ಹಾರಿಸಿಬಿಡುತ್ತಾರೆ. ಚಾಲುಕ್ಯರಿಗೆ ‘ವರಾಹಧ್ವಜ’ ಬಂದದ್ದು ಹೀಗೆ. ಈ ವರಸೆಯಲ್ಲಿ ನಾಯಕರು ಕೋಟೆ ಕಟ್ಟಿ ಆಳಿದ ಬಸವಾಪಟ್ಟಣಕ್ಕೂ ಒಂದು ‘ಪ್ರಾಚೀನ ನಗರಧ್ವಜ’ ಹೊಲಿಸುವುದು ಕಷ್ಟವಲ್ಲ. ಊರ ಹೆಸರಿನಲ್ಲಿ ಬಸವನಿದ್ದಾನೆ, ಆಳಿದ ಕೆಂಗ ಹನುಮಪ್ಪನಾಯಕನ ಹೆಸರಿನಲ್ಲಿ ಹನುಮನಿದ್ದಾನೆ.

ಲಾಂಛನ ಬೇರೆ, ಧ್ವಜ ಬೇರೆ ಎಂಬುದು ಹೊಸ ಮಾತಲ್ಲ. ಮುಂಬಯಿ ಗ್ಯಾಸೆಟಿಯರ್‌ಗಾಗಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಫ್ಲೀಟರ ಎಷ್ಟೋ ತೀರ್ಮಾನಗಳು ಇಂದು ನಿಲ್ಲುವುದಿಲ್ಲ, ಇದು ನಿಲ್ಲುತ್ತದೆ. ಅವರನ್ನು ಹೆಸರಿಸಿ ಕೈಮುಗಿದು, ಪುಟ ಮಾತ್ರ ತೆರೆಯದವರೇ ನಮ್ಮಲ್ಲಿ ಹೆಚ್ಚು.

ನಿರ್ಣಾಯಕ ಸಾಕ್ಷ್ಯ ಕದಂಬರ ಪ್ರಶಸ್ತಿ, ಅಂದರೆ ಶಾಸನದ ಬಿರುದುಗಳ ಸಾಲು. ಹಾನಗಲ್ಲಿನ ಕದಂಬರು ತಮ್ಮನ್ನು ‘ಬನವಾಸಿಪುರವರಾಧೀಶ್ವರ’ರೆಂದು ಕರೆದುಕೊಂಡು, ಅದೇ ಉಸಿರಿನಲ್ಲಿ ವಾನರಧ್ವಜವನ್ನೂ ಸಿಂಹಲಾಂಛನವನ್ನೂ ಹೇಳಿಕೊಳ್ಳುತ್ತಾರೆ. ಗೋವೆಯ ಶಾಖೆಯದೂ ಇದೇ ಮಾತು. ಧ್ವಜ, ಲಾಂಛನ ಎರಡೂ ಒಂದೇ ಆಗಿದ್ದರೆ ಒಂದೇ ಮನೆತನಕ್ಕೆ ಕೋತಿ ಒಂದು ಕಡೆ, ಸಿಂಹ ಇನ್ನೊಂದು ಕಡೆ ಏಕೆ ಬೇಕಿತ್ತು? ಗೋವೆ ಕದಂಬರ ಚಿನ್ನದ ನಾಣ್ಯಗಳಲ್ಲಿ ಕಾಣುವುದು ಸಿಂಹ. ಮುದ್ರೆಗೆ, ನಾಣ್ಯಕ್ಕೆ ಒತ್ತುವುದು ಲಾಂಛನ. ಗಾಳಿಗೆ ಬಿಡುವುದು ಧ್ವಜ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ, ಅದನ್ನು ಮುಚ್ಚಿಡಬಾರದು. ಹಾನಗಲ್ ಕದಂಬರದೆಂದು ಗುರುತಿಸಲಾದ ಕೆಲವು ನಾಣ್ಯಗಳ ಮೇಲೆ ಹನುಮಂತನಿದ್ದಾನೆ. ಹಾಗಾದರೆ ಧ್ವಜದ ಚಿತ್ರವೇ ನಾಣ್ಯಕ್ಕೆ ಬಂದಿತಲ್ಲ ಎನ್ನಬಹುದು. ಬಂದಿರಬಹುದು. ಆ ಗುರುತಿಸುವಿಕೆಯನ್ನೇ ಒಪ್ಪಿದರೂ ಸಿದ್ಧವಾಗುವುದು ಇಷ್ಟು: ಟಂಕಸಾಲೆಯವರು ಧ್ವಜದ ಪ್ರಾಣಿಯನ್ನು ಎರವಲು ಪಡೆಯಬಹುದಿತ್ತು. ಮುದ್ರೆಯ ಪ್ರಾಣಿಯನ್ನು ಕೋಲಿಗೇರಿಸಿದರು ಎಂಬುದಕ್ಕೆ ಇದು ಆಧಾರವಾಗದು. ವರಾಹಧ್ವಜವಾದಿಗಳಿಗೆ ಬೇಕಾದದ್ದು ಈ ಎರಡನೆಯದು. ಅವರ ದುರದೃಷ್ಟಕ್ಕೆ, ಬಾದಾಮಿ ಚಾಲುಕ್ಯರು ಧ್ವಜವೆಂದು ಹೆಮ್ಮೆಯಿಂದ ಹೇಳಿಕೊಂಡದ್ದು ಪಾಳಿಧ್ವಜವನ್ನು, ಅದೂ ಉತ್ತರಾಪಥದ ದೊರೆಯನ್ನು ಸೋಲಿಸಿ ತಂದದ್ದೆಂದು. ಜಿನಸೇನರ ಆದಿಪುರಾಣದ ವರ್ಣನೆ ನೋಡಿದರೆ ಅದು ಒಂದೇ ಒಂದು ಬಟ್ಟೆಯಲ್ಲ. ಹಾರ, ನವಿಲು, ತಾವರೆ, ಹಂಸ, ಆನೆ ಮೊದಲಾದ ಹತ್ತು ಬಗೆಯ ಬಾವುಟಗಳು, ಬಗೆಗೆ 108ರಂತೆ ದಿಕ್ಕಿಗೆ 1080. ನಾಲ್ಕು ದಿಕ್ಕಿಗೆ 4320. ಸಾಲುಗಟ್ಟಿದ ಈ ಸಂಭ್ರಮವನ್ನು ಒಂದು ಹಂದಿಯ ಚಿತ್ರಕ್ಕೆ ಇಳಿಸುವುದು ಯಾವ ನ್ಯಾಯ?

ಇನ್ನು ಊರಿನ ಪ್ರಶ್ನೆ. ಪುರದ ಹೆಸರೂ ಧ್ವಜದ ಹೆಸರೂ ಒಟ್ಟಿಗೆ ಬರುವುದರಿಂದ ಅದು ಆ ಪುರದ ಧ್ವಜ ಎಂಬ ಊಹೆ ಮೇಲುನೋಟಕ್ಕೆ ಚೆನ್ನಾಗಿದೆ. ಆದರೆ ಸವದತ್ತಿಯ ರಟ್ಟರು ಲತ್ತಲೂರಿನ ಒಡೆಯರು, ಕೊಲ್ಲಾಪುರದ ಶಿಲಾಹಾರರು ತಗರದ ಒಡೆಯರು; ಇಬ್ಬರದೂ ಸುವರ್ಣಗರುಡಧ್ವಜ! ಊರು ಎರಡು, ಬಾವುಟ ಒಂದು. ರಟ್ಟರು ಸವದತ್ತಿ ಬಿಟ್ಟು ಬೆಳಗಾವಿಯಿಂದ ಆಳತೊಡಗಿದ ಮೇಲೂ ಬಿರುದು ಬದಲಾಗಲಿಲ್ಲ. ಬಿರುದಿನ ಊರು ಮನೆತನದ ನೆನಪು, ಧ್ವಜ ಮನೆತನದ ಸೊತ್ತು. ಆಳುವ ಊರಿನ ಜನರಿಗೆ ಎರಡರಲ್ಲೂ ಪಾಲಿಲ್ಲ. ಅರಸುಮನೆತನಕ್ಕೆ ಸೇರದೆ ಊರಿನ ಹೆಸರು ಹೊತ್ತ ಒಂದು ಧ್ವಜವೆಂದರೆ ಅಯ್ಯಾವೊಳೆ ಐನೂರ್ವರ ಗುಡ್ಡಧ್ವಜ. ಐಹೊಳೆಯ ಹೆಸರಿನ ಆ ವರ್ತಕಸಂಘವೂ ಒಂದೂರಿಗೆ ಕಟ್ಟುಬಿದ್ದದ್ದಲ್ಲ. ಬಳ್ಳಿಗಾವೆಯಲ್ಲಿ ಅವರ ಶಾಸನವುಂಟು. ಸುಮಾತ್ರಾದ ಬಾರುಸ್‌ನಲ್ಲಿ ಐನೂರ್ವರ ಹೆಸರಿನ 1088ರ ತಮಿಳು ಶಾಸನವುಂಟು.

ಈ ಬೆಳಕಿನಲ್ಲಿ ಬಸವಾಪಟ್ಟಣ ನೋಡಿ. ಇಲ್ಲಿ ಕೋಟೆ ಕಟ್ಟಿ ಆಳಿದ ನಾಯಕರೇ ಮುಂದೆ ಸಂತೇಬೆನ್ನೂರು, ತರೀಕೆರೆಗಳವರೆನಿಸಿಕೊಂಡರು. ಬಿಜಾಪುರದ ರಣದುಲ್ಲಾಖಾನನ ದಾಳಿಯ ನಂತರ ಅವರ ನೆಲೆ ಸರಿಯಿತು. ಬಾವುಟವಿದ್ದರೆ ಅದೂ ಅವರೊಡನೆ ಹೋಗಿರಬೇಕು. ಹನುಮಪ್ಪನ ಹೆಸರಿನಿಂದ ಹನುಮಧ್ವಜ ಹುಟ್ಟಿಸುವುದು, ಗೋಪಾಲನೆಂಬ ದೊರೆಗೆ ಹಸುವಿನ ಧ್ವಜ ಕೊಟ್ಟಂತೆ. ಇನ್ನು ಬಸವನ ಹೆಸರಿನಲ್ಲಿ ನಂದಿಧ್ವಜ ಎನ್ನುವವರು ಮೈಸೂರು ದಸರೆಯ ವಿಜಯದಶಮಿ ಮೆರವಣಿಗೆಗೆ ಮೊದಲು ಪೂಜೆಗೊಳ್ಳುವ ನಂದಿಧ್ವಜವನ್ನು ಹತ್ತಿರದಿಂದ ನೋಡಲಿ. ಅದು ಹಿತ್ತಾಳೆಯ ಅಲಂಕಾರ ಹೊತ್ತು ಹೊಟ್ಟೆಗೆ ಕಟ್ಟಿದ ಪಟ್ಟಿಯ ಆಸರೆಯಲ್ಲಿ ಕುಣಿಸುವ ಉದ್ದನೆಯ ಕಂಬ. ಮೆರವಣಿಗೆಯದು, ದೇವರದು, ಊರ ಗುರುತಿನ ಬಾವುಟವಲ್ಲ.

ನಮ್ಮ ಊರೂರಿನ ಸರ್ಕಲ್ಲುಗಳಲ್ಲಿ ಇಂದು ಹಾರುವ ಹಳದಿ-ಕೆಂಪು ಬಾವುಟ 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ್ದು. 2018ರ ಮಾರ್ಚ್ 8ರಂದು ಸರ್ಕಾರ ಒಪ್ಪಿದ ಹಳದಿ, ಬಿಳಿ, ಕೆಂಪಿನ ಹೊಸ ವಿನ್ಯಾಸಕ್ಕೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಜನ ಹಳೆಯದನ್ನೇ ಹಾರಿಸುತ್ತಿದ್ದಾರೆ. ಯಾವ ಶಾಸನದ ಹಂಗೂ ಇಲ್ಲದೆ ಅದು ನೆಲೆನಿಂತಿದೆ. ಬಸವಾಪಟ್ಟಣದವರು ತಮ್ಮ ಊರಿಗೊಂದು ಬಾವುಟ ಬೇಕೆಂದರೆ ಹೊಸದಾಗಿಯೇ ಹೊಲಿಸಿಕೊಳ್ಳಲಿ. ದಯವಿಟ್ಟು ಅದಕ್ಕೆ ಶಾಸನದ ಸಾಕ್ಷಿ ಹಾಕದಿರಲಿ.