ತಾನಾಗೇ ಹಿಂಗಾಯ್ತು

ಮನೆ ಮನೆಗೆ ಹೋಗಿ ಕಂಪ್ಯೂಟರ್ ಸರಿಮಾಡುವ ನಮ್ಮಂಥವರಿಗೆ ಗಿರಾಕಿಯ ಮೊದಲ ಮಾತು ಬಾಯಿಪಾಠವಾಗಿರುತ್ತದೆ: "ನಾನೇನೂ ಮುಟ್ಟಿಲ್ಲಪ್ಪಾ, ತಾನಾಗೇ ಹಿಂಗಾಯ್ತು." ಬೆಂಗಳೂರಿನ ಜಯನಗರ, ಬಸವನಗುಡಿ, ಬನಶಂಕರಿಯ ಕಡೆ ನಾನು ಓಡಾಡುತ್ತಿದ್ದ ಕಾಲದಲ್ಲಿ ಈ ಮಾತು ಹೆಚ್ಚಾಗಿ ಹುಟ್ಟುತ್ತಿದ್ದುದು ಇಮೇಲಿನ ಕಿಟಕಿಯ ಮುಂದೆ. ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮ ಇಲ್ಲಿ, ನಡುವೆ ಕಿರುಗುಟ್ಟುವ ಒಂದು ಮೋಡೆಮ್ಮು. ನಿನ್ನೆ ಎಡಗಡೆ ಇದ್ದ ಫೋಲ್ಡರ್ ಪಟ್ಟಿ ಇವತ್ತಿಲ್ಲ, ಅಕ್ಷರ ಇದ್ದಕ್ಕಿದ್ದಂತೆ ಸಾಸಿವೆಕಾಳು, ಓದಿದ ಪತ್ರ ಎಲ್ಲೋ ಮಾಯ. ಈ ದೂರಿಗೂ ಒಂದು ಚರಿತ್ರೆ ಇದೆ. ಮೊದಮೊದಲು ಇದು ಸುಳ್ಳಾಗಿತ್ತು, ಆಮೇಲೆ ಅರ್ಧ ನಿಜವಾಯಿತು, ಈಗ ಬಹುಪಾಲು ನಿಜ.

1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಕಡಿಮೆ ದುಡ್ಡಿಗೆ ಸಿಗುತ್ತಿದ್ದುದು ಶೆಲ್ ಅಕೌಂಟು. ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಅಲ್ಲಿ ಮೇಲ್ ಓದಲು ಬಳಸುತ್ತಿದ್ದುದು ಪೈನ್, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು. ಪತ್ರಗಳು ಯಾವ ಕ್ರಮದಲ್ಲಿ ನಿಲ್ಲಬೇಕು, ಪಟ್ಟಿ ಹೇಗೆ ಕಾಣಬೇಕು ಎಂಬುದೆಲ್ಲ ಒಂದೇ ಒಂದು ಪಠ್ಯ ಕಡತದಲ್ಲಿ ಇರುತ್ತಿತ್ತು. ಅದನ್ನು ತೆರೆದರೆ ಯಾವ ಸಾಲು ಏನು ಮಾಡುತ್ತದೆ ಎಂಬ ವಿವರಣೆಯೂ ಅಲ್ಲೇ. ರೂಪ ಬದಲಾಗಿದೆ ಎಂದರೆ ಆ ಕಡತದ ಒಂದು ಸಾಲು ಬದಲಾಗಿದೆ ಎಂದೇ ಅರ್ಥ, ಆ ಸಾಲನ್ನು ಬದಲಿಸಿದವರು ನೀವೇ. ಬೇರೆ ತಂಟೆ ಇದ್ದದ್ದು ಒಂದೇ: ಟರ್ಮಿನಲ್ಲಿಗೆ ಅದರ ಮಾದರಿ ವಿಟಿ100 ಎಂದು ಹೇಳದೆ ಹೋದರೆ ಬಾಣದ ಕೀಲಿ ಒತ್ತಿದಾಗೆಲ್ಲ ಪರದೆಯ ಮೇಲೆ ಕಸ ಸುರಿಯುತ್ತಿತ್ತು.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ 1988ರಲ್ಲಿ ಬರೆದ ಯೂಡೋರಾ ಎಂಬ ಮೇಲ್ ತಂತ್ರಾಂಶಕ್ಕೆ ಕಿಟಕಿಗಳಿದ್ದವು, ಮೌಸೂ ಬೇಕಿತ್ತು. ಆದರೂ ಅದರ ವಿಂಡೋಸ್ ಆವೃತ್ತಿ ಕೂಡ ತನ್ನ ಲೆಕ್ಕವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಕಡತದಲ್ಲೇ ಇಡುತ್ತಿತ್ತು. ಕತೆಗಾರ್ತಿ ಯೂಡೋರಾ ವೆಲ್ಟಿ ಅಂಚೆ ಕಚೇರಿಯ ಬಗ್ಗೆ ಕತೆ ಬರೆದಿದ್ದರಿಂದ ಆ ಹೆಸರಂತೆ. ಇಂಥ ಹೆಸರಿಡುವ ರಸಿಕತೆ ಆಮೇಲಿನ ಕಂಪನಿಗಳಲ್ಲಿ ನನಗೆ ಕಂಡಿಲ್ಲ.

1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಔಟ್‌ಲುಕ್ ಎಕ್ಸ್‌ಪ್ರೆಸ್ ಬಂತು. ದುಡ್ಡು ಕೊಡಬೇಕಿಲ್ಲ, ಬೇಡವೆಂದರೂ ಬರುತ್ತದೆ. ನಮ್ಮ ಕಸುಬಿಗೆ ಅನ್ನ ಹಾಕಿದ್ದು ಅದೇ ಎಂದರೆ ತಪ್ಪಲ್ಲ. ಪೈನಿನ ಪಠ್ಯ ಕಡತದ ಜಾಗಕ್ಕೆ ವಿಂಡೋಸಿನ ರಿಜಿಸ್ಟ್ರಿ ಬಂದಿತ್ತು, ಸಾಮಾನ್ಯರು ಅದರ ಬಾಗಿಲು ತಟ್ಟುವಂತಿಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ತಂತ್ರಾಂಶ ಎಲ್ಲವನ್ನೂ ನೆನಪಿಡಲು ಕಲಿತದ್ದು. ನೀವು ಬೇಕೆಂದು ಮಾಡಿದ್ದನ್ನೂ ನೆನಪಿಡುತ್ತದೆ, ಮೊಣಕೈ ತಾಗಿ ಆದದ್ದನ್ನೂ ನೆನಪಿಡುತ್ತದೆ, ಎರಡರ ನಡುವಿನ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ಪಟ್ಟಿಯ ನೆತ್ತಿಯಲ್ಲಿ 'ಫ್ರಮ್' ಎಂದು ಬರೆದಿರುವಲ್ಲಿ ಒಂದು ಕ್ಲಿಕ್ ಬಿದ್ದರೆ ಸಾಕು, ಪತ್ರಗಳೆಲ್ಲ ತಾರೀಕಿನ ಕ್ರಮ ಬಿಟ್ಟು ಕಳಿಸಿದವರ ಹೆಸರಿನ ಕ್ರಮದಲ್ಲಿ ನಿಲ್ಲುತ್ತವೆ. ಹೊಸದಾಗಿ ಬಂದದ್ದು ಪಟ್ಟಿಯ ನಡುವೆ ಎಲ್ಲೋ ಹೂತುಹೋಗುತ್ತದೆ. "ಎರಡು ವಾರದಿಂದ ಮೇಲೇ ಬರ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದ್ದದ್ದು ಇಷ್ಟೇ.

ಬನಶಂಕರಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರ ಕೇಸು ಮಾತ್ರ ಮಜವಾಗಿತ್ತು. ಮಗಳ ಪತ್ರ ಬರುತ್ತದೆ, ತೆರೆದು ಓದುತ್ತಾರೆ, ಆಮೇಲೆ ಹೆಂಡತಿಯನ್ನು ಕರೆದು ತೋರಿಸೋಣ ಎನ್ನುವಷ್ಟರಲ್ಲಿ ಪತ್ರ ಇಲ್ಲ. "ಓದಿದ್ದನ್ನ ತಿಂದುಬಿಡುತ್ತೆ ಕಣಯ್ಯಾ ಇದು" ಎಂದರು. ವ್ಯೂ ಮೆನುವಿನಲ್ಲಿ ಕರೆಂಟ್ ವ್ಯೂ ಎಂಬುದರ ಕೆಳಗೆ ಓದಿದ ಪತ್ರಗಳನ್ನು ಮರೆಮಾಡುವ ಆಯ್ಕೆಯೊಂದಿತ್ತು. ಅದು ಆಯ್ಕೆಯಾಗಿ ಕೂತಿತ್ತು. ಎಲ್ಲವನ್ನೂ ತೋರಿಸು ಎಂದ ಕೂಡಲೇ ಒಂದು ವರ್ಷದ ಪತ್ರಗಳು ಸಾಲಾಗಿ ಬಂದು ನಿಂತವು. ಮೇಷ್ಟ್ರು ಮೆನು ಮುಟ್ಟಿಲ್ಲ ಎಂದು ಆಣೆ ಮಾಡಿದರು. ಮೊಮ್ಮಗ ರಜಕ್ಕೆ ಬಂದಿದ್ದನೇ ಎಂದು ಕೇಳಿದೆ. ಅವರ ಹೆಂಡತಿ ಒಳಗಿನಿಂದಲೇ "ಹೂಂ" ಎಂದರು.

1996ರಲ್ಲಿ ಬಂದ ಚಕ್ರದ ಮೌಸನ್ನೂ ಇಲ್ಲಿ ನೆನೆಯಬೇಕು. ಕಂಟ್ರೋಲ್ ಕೀಲಿಯ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿದರೆ ಅಕ್ಷರ ದಪ್ಪವೋ ಸಣ್ಣವೋ ಆಗುತ್ತದೆ. ಕಾಪಿ ಮಾಡಲು ಹೋಗಿ ಬೆರಳು ಅಲ್ಲೇ ಉಳಿದರೆ ಯಾರ ತಪ್ಪು? ಇದರ ಮೇಲೆ ನಮ್ಮ ಲೋಡ್‌ಶೆಡ್ಡಿಂಗ್. ಎಷ್ಟೋ ತಂತ್ರಾಂಶಗಳು ತಮ್ಮ ರೂಪದ ಲೆಕ್ಕವನ್ನು ಬರೆದಿಡುತ್ತಿದ್ದುದು ಮುಚ್ಚುವ ಗಳಿಗೆಯಲ್ಲಿ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟು ಹೋದರೆ ಆ ದಿನ ಸರಿಮಾಡಿಕೊಂಡದ್ದು ಮರುದಿನಕ್ಕೆ ಇಲ್ಲ.

ಇವೆಲ್ಲ ಯಾವ ಭಾಷೆಯವರಿಗೂ ಇದ್ದ ತಾಪತ್ರಯ. ಕನ್ನಡದಲ್ಲಿ ಓದಿ ಬರೆಯುವವರಿಗೆ ಮಾತ್ರ ಇನ್ನೊಂದು ಕಾಟ ಇತ್ತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಹೊರನಾಡಿನ ಮಕ್ಕಳು ಇವುಗಳಲ್ಲಿ ಟೈಪಿಸಿ ಕಳಿಸತೊಡಗಿದರು. ಆದರೆ ಆ ಫಾಂಟುಗಳು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ನುಡಿಯಲ್ಲಿ 'ನ' ಅಕ್ಷರದ ಜಾಗದಲ್ಲಿ ನಿಜವಾಗಿ ಕೂತಿದ್ದುದು ಬ್ರಿಟಿಷ್ ಪೌಂಡಿನ ಚಿಹ್ನೆ. ಪತ್ರದ ಜೊತೆ ಫಾಂಟಿನ ಹೆಸರು ಬಂದು, ಆ ಫಾಂಟು ಈ ಕಡೆಯೂ ಇದ್ದರೆ ಕನ್ನಡ. ಇಲ್ಲದಿದ್ದರೆ ಸಾಲುಸಾಲು ಪೌಂಡು. 2002ರ ಹೊತ್ತಿಗೆ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಎಲ್ಲ ಪತ್ರಗಳನ್ನೂ ಸಾದಾ ಪಠ್ಯವಾಗಿ ಓದುವ ಆಯ್ಕೆ ಸೇರಿತು. ವೈರಸ್ ಭಯಕ್ಕೆ ಒಳ್ಳೆಯ ಉಪಾಯವೇ. ಯಾರೋ ತಿಳಿದವರು ಬಂದು ಅಲ್ಲೊಂದು ಟಿಕ್ ಹಾಕಿ ಹೋಗುತ್ತಿದ್ದರು. ಫಾಂಟಿನ ಹೆಸರು ಉದುರಿಹೋಗಿ, ಹಳೆಯದು ಹೊಸದು ಎನ್ನದೆ ಅಷ್ಟೂ ಕನ್ನಡ ಪತ್ರ ಒಂದೇ ಸಲಕ್ಕೆ ಪೌಂಡಾಗುತ್ತಿತ್ತು.

ಈ ಪೌಂಡಿನ ಕಾಟಕ್ಕೆ ಮದ್ದಾದ ಯೂನಿಕೋಡಿನಲ್ಲಿ, ಅಂದರೆ ಪ್ರತಿ ಲಿಪಿಗೂ ಅದರದೇ ಸಂಕೇತ ಕೊಡುವ ಪದ್ಧತಿಯಲ್ಲಿ, ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮ ಮನೆಗಳ ವಿಂಡೋಸಿಗೆ ಅದು ಇಳಿದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನೊಂದಿಗೆ. ಅದೂ ನೇರವಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ಪುಟದಲ್ಲಿ ಸಂಕೀರ್ಣ ಲಿಪಿಗಳಿಗಾಗಿ ಒಂದು ಟಿಕ್ ಹಾಕಬೇಕು, ಆಗ ಅದು ವಿಂಡೋಸಿನ ಸಿ.ಡಿ. ಕೇಳುತ್ತದೆ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಜೋಡಿಸಿಕೊಂಡು ಬಂದ ಮೆಷೀನುಗಳ ಮನೆಯಲ್ಲಿ ಸಿ.ಡಿ. ಎಲ್ಲಿಂದ ಬರಬೇಕು? ಅದಕ್ಕೇ ನನ್ನ ಚೀಲದಲ್ಲಿ ಸದಾ ಒಂದು ಇರುತ್ತಿತ್ತು.

ಆ ದಿನಗಳಲ್ಲಿ ಪರದೆ ನೋಡಿಯೇ ರೋಗ ಹೇಳಬಹುದಿತ್ತು. ಪೌಂಡಿನ ಚಿಹ್ನೆ ಕಂಡರೆ ನುಡಿಯ ಫಾಂಟು ಕೈಕೊಟ್ಟಿದೆ. ಖಾಲಿ ಚೌಕಗಳಾದರೆ ಯೂನಿಕೋಡ್ ಸರಿಯಾಗೇ ಬಂದಿದೆ, ತೋರಿಸಲು ಫಾಂಟಿಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎ, ಅದರ ಹೆಗಲಿಗೆ ಸಣ್ಣದಾಗಿ 2 ಅಥವಾ 3, ಇದೇ ಮತ್ತೆ ಮತ್ತೆ ಬಂದರೆ ಎನ್‌ಕೋಡಿಂಗ್ ತಪ್ಪಿದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟು. ಮೊದಲ ಬೈಟು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಯುರೋಪಿನ ಲಿಪಿ ಎಂದುಕೊಂಡು ಓದಿದರೆ ಕಾಣುವುದು ಆ ಎ, ಆ ಸಣ್ಣ ಅಂಕಿ. ಈ ಗೊಂದಲ ಬೇಡವೆಂದೇ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರ ಮೈಮ್ ನಿಯಮದಲ್ಲಿ, ಪತ್ರ ತನ್ನ ಲಿಪಿ ಸಂಕೇತ ಯಾವುದೆಂದು ತಾನೇ ಹೇಳಿಕೊಳ್ಳಲು ಒಂದು ಸಾಲು ಕೊಟ್ಟಿದ್ದರು. ಆ ಸಾಲು ಇಲ್ಲದೆ ಬಂದ ಪತ್ರಕ್ಕೆ ವ್ಯೂ ಮೆನುವಿನ ಎನ್‌ಕೋಡಿಂಗಿಗೆ ಹೋಗಿ ನಾವೇ ಹೇಳಿಕೊಡಬೇಕಿತ್ತು.

ಅಷ್ಟರಲ್ಲಿ ದೂರು ನಿಜವಾಗುವ ಕಾಲ ಬಂದೇಬಿಟ್ಟಿತ್ತು. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಾಗ ಔಟ್‌ಲುಕ್ ಎಕ್ಸ್‌ಪ್ರೆಸ್ ಹೊರಗಿನಿಂದ ಎಳೆದುತರುವ ಚಿತ್ರಗಳನ್ನು ಯಾರನ್ನೂ ಕೇಳದೆ ತಡೆಯಿತು. ಯುಗಾದಿ, ದೀಪಾವಳಿಯ ಶುಭಾಶಯಗಳಲ್ಲಿ ಚಿತ್ರದ ಜಾಗ ಖಾಲಿಯಾಯಿತು. ಔಟ್‌ಲುಕ್ 2007 ಪತ್ರಗಳನ್ನು ಬಿಡಿಸಿ ತೋರಿಸುವ ಕೆಲಸವನ್ನು ಬ್ರೌಸರ್ ಎಂಜಿನ್ನಿನಿಂದ ಕಿತ್ತು ವರ್ಡಿಗೆ ಕೊಟ್ಟಿತು. ಚೆಂದವಾಗಿದ್ದ ಪತ್ರಗಳು ಸೊಟ್ಟಗಾದವು. ಇಲ್ಲಿ ಯಾರ ಮೊಮ್ಮಗನ ಕೈವಾಡವೂ ಇಲ್ಲ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗಲೇ, ಕೇಳದೆಯೇ ಆಗುವ ಈ ಬದಲಾವಣೆಗಳ ಬೀಜ ಬಿದ್ದಿತ್ತು ಎನ್ನಬೇಕು. ಬ್ರೌಸರಿನಲ್ಲಿ ಓದುವ ಮೇಲ್ ಹೇಗೆ ಕಾಣಬೇಕೆಂದು ತೀರ್ಮಾನಿಸುವುದು ದೂರದ ಸರ್ವರು. 2004ರ ಜಿಮೇಲ್ ಒಂದೇ ವಿಷಯದ ಪತ್ರಗಳನ್ನು ಕಟ್ಟಿ ಒಂದು ಗಂಟಾಗಿ ತೋರಿಸಿತು. ಆ ಗಂಟು ಬೇಡ ಎನ್ನುವವರಿಗೆ ಆಯ್ಕೆ ಸಿಕ್ಕಿದ್ದು 2010ರಲ್ಲಿ, ಆರು ವರ್ಷದ ಮೇಲೆ. 2013ರಲ್ಲಿ ಅಂಚೆಪೆಟ್ಟಿಗೆಯನ್ನೇ ಟ್ಯಾಬುಗಳಾಗಿ ಹೋಳು ಮಾಡಿತು. ಬ್ಯಾಂಕಿನ ಪತ್ರ ಬಂದಿಲ್ಲವೆಂದು ಹುಡುಕಿದ ಎಷ್ಟೋ ಹಿರಿಯರಿಗೆ ಅದು ಪ್ರಮೋಷನ್ಸ್ ಎಂಬ ಕೋಣೆಯಲ್ಲಿ ಸಿಕ್ಕಿತು. 2023ರ ಜುಲೈಯಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಕೂಡ 115ನೆಯ ಆವೃತ್ತಿಗೆ ಹೊಸ ಮುಖ ಹಾಕಿಕೊಂಡು ಬಂತು.

ಮೊದಲಿನ ಸ್ಥಿತಿಗೆ ತರುವ ಉಪಾಯಗಳೂ ಇವೆ. ಔಟ್‌ಲುಕ್ಕನ್ನು ಕ್ಲೀನ್‌ವ್ಯೂಸ್ ಎಂಬ ಸ್ವಿಚ್ ಕೊಟ್ಟು ತೆರೆದರೆ ನೋಟಗಳೆಲ್ಲ ಕಾರ್ಖಾನೆಯ ರೂಪಕ್ಕೆ ಹೋಗುತ್ತವೆ. ಥಂಡರ್‌ಬರ್ಡಿನಲ್ಲಾದರೆ ಪ್ರೊಫೈಲ್ ಫೋಲ್ಡರಿನ ಝುಲ್‌ಸ್ಟೋರ್ ಕಡತಕ್ಕೆ ಬೇರೆ ಹೆಸರು ಕೊಟ್ಟು ಮತ್ತೆ ತೆರೆಯಬೇಕು. ಈಗಿನ ಹುಡುಗರು ಬಂದ ಕೂಡಲೇ ಇದನ್ನು ಮಾಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕೆಟ್ಟದ್ದರ ಜೊತೆ ಮನೆಯವರು ವರ್ಷಗಟ್ಟಲೆ ಹೊಂದಿಸಿಕೊಂಡದ್ದೂ ಅಳಿಸಿಹೋಗುತ್ತದೆ. ಹಾಗಾಗಿ ಫೋನ್ ಬಂದರೆ ನಾನು ಮೊದಲು ಕೇಳುವುದು ಎರಡೇ. ನಿನ್ನೆ ಮೊನ್ನೆ ಅಪ್‌ಡೇಟ್ ಏನಾದರೂ ಬಂತಾ? ಇಲ್ಲ ಎಂದರೆ, ಮನೆಗೆ ಯಾರು ಬಂದಿದ್ದರು?