ಕೆಳ ಬೆನ್ನುಹುರಿಯ ತೀವ್ರ ಗಾಯ: ಶಸ್ತ್ರಚಿಕಿತ್ಸೆಯ ಬಳಿಕ ನರಗಳ ಚೇತರಿಕೆ

ಬೆನ್ನುಮೂಳೆ ಮುರಿದು ಬೆನ್ನುಹುರಿಯ ಕೆಳತುದಿಗೆ ಪೆಟ್ಟಾದಾಗ ಕಾಲುಗಳ ಬಲ, ಸ್ಪರ್ಶಜ್ಞಾನ, ಮಲಮೂತ್ರಗಳ ಮೇಲಿನ ಹಿಡಿತ ತಪ್ಪುತ್ತವೆ. ಇವು ಮರಳುವುದು ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಿ, ಪೆಟ್ಟು ಬಿದ್ದ ನರಭಾಗ ಯಾವುದು, ಅದರಲ್ಲಿ ಉಳಿದಿರುವುದೆಷ್ಟು ಎಂಬುದರ ಮೇಲೆ ನಿಂತಿದೆ.

ರಚನೆ
ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ 1 ಮತ್ತು 2ನೆಯ ಕಶೇರುಗಳ ಮಟ್ಟದಲ್ಲಿ ಮುಗಿಯುತ್ತದೆ. ಅದರ ಮೊನೆ ಕೋನಸ್. ಕೆಳಗಿಳಿಯುವ ನರಮೂಲಗಳ ಗೊಂಚಲು ಕಾಡಾ ಇಕ್ವಿನಾ. ಪಕ್ಕೆಲುಬುಗಳ ಬಿಗಿಯಲ್ಲಿರುವ ಎದೆಭಾಗ ಬಾಗುವ ಸೊಂಟವನ್ನು ಕೂಡುವ ಎಡೆಯಲ್ಲೇ ಮುರಿತಗಳು ಹೆಚ್ಚು. ನಾಶವಾದ ಕೋನಸ್ ಮತ್ತೆ ಬೆಳೆಯದು. ನರಮೂಲಗಳು ಪೆಟ್ಟನ್ನು ಹೆಚ್ಚು ತಾಳಿಕೊಳ್ಳುತ್ತವೆ. ಹೀಗಾಗಿ ಒಂದೇ ಮುರಿತದಲ್ಲಿ ನರಮೂಲಗಳಿಗೆ ಸೇರಿದ ಮೊಣಕಾಲಿನ ಬಲ ಮರಳಿಯೂ ಕೋನಸ್‌ಗೆ ಸೇರಿದ ಮೂತ್ರಕೋಶ ಚೇತರಿಸಿಕೊಳ್ಳದಿರಬಹುದು.

ಅಳತೆ
1969ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹಾನ್ಸ್ ಫ್ರಾಂಕೆಲ್ ಮತ್ತು ಸಂಗಡಿಗರು ಗಾಯವನ್ನು ಎ ಇಂದ ಇ ವರೆಗೆ ಐದು ಶ್ರೇಣಿಗಳಲ್ಲಿ ಅಳೆದರು. ಅವರ ರೋಗಿಗಳಿಗೆ ನೀಡಿದ್ದು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಲ್ಲ, ದಿಂಬುಗಳ ಆಸರೆಯಲ್ಲಿ ಮಲಗಿಸಿ ಮೂಳೆ ಸರಿಪಡಿಸುವ ಆರೈಕೆ. ಶಸ್ತ್ರಚಿಕಿತ್ಸೆಯ ಫಲವನ್ನು ಇಂದು ಅಳೆಯುವ ಮಾನದಂಡಕ್ಕೆ ಬುನಾದಿ ಈ ಶ್ರೇಣಿಗಳೇ ಆದ್ದರಿಂದ ಈ ಸಂಗತಿ ಗಮನಾರ್ಹ: ಏನನ್ನೂ ಕೊಯ್ಯದೆಯೂ ಕೆಲವರು ಒಂದೆರಡು ಶ್ರೇಣಿ ಮೇಲೇರುತ್ತಿದ್ದರು. ಅಮೆರಿಕದ ಬೆನ್ನುಹುರಿ ಗಾಯ ಸಂಘ 1992ರಲ್ಲಿ ಈ ಶ್ರೇಣಿಗಳನ್ನು ಪರಿಷ್ಕರಿಸಿತು. ಗುದದ ಸುತ್ತ ಸ್ಪರ್ಶವೂ ಚಲನೆಯೂ ಇಲ್ಲದಿದ್ದರೆ ಮಾತ್ರ ಗಾಯ ಪೂರ್ಣ, ಅಂದರೆ ಎ ಶ್ರೇಣಿ. ಅಲ್ಲಿ ಉಳಿದ ಕಿಂಚಿತ್ ಸ್ಪರ್ಶವೂ ಭರವಸೆಯ ಗುರುತು.

ಶಸ್ತ್ರಚಿಕಿತ್ಸೆ
ಹುರಿಯನ್ನು ಒತ್ತುವ ಮೂಳೆಚೂರು ತೆಗೆದು, ತಿರುಪು ಮತ್ತು ಸರಳುಗಳಿಂದ ಬೆನ್ನುಮೂಳೆಯನ್ನು ಬಿಗಿಗೊಳಿಸುತ್ತಾರೆ. ಸಾಧ್ಯವಾದರೆ 24 ಗಂಟೆಯೊಳಗೆ ಒತ್ತಡ ಇಳಿಸುವುದು ಒಳಿತೆಂದು ಪರಿಗಣಿಸಲಾಗಿದೆ. ಆದರೆ ಇದಕ್ಕಿರುವ ಪುರಾವೆ ಕತ್ತಿನ ಗಾಯಗಳಲ್ಲಿ ಹೆಚ್ಚು ಗಟ್ಟಿ.

ಚೇತರಿಕೆ
ಎ ಶ್ರೇಣಿಯವರಲ್ಲಿ ನಡೆಯುವಷ್ಟು ಬಲ ಮರಳುವುದು ವಿರಳ. ಗಾಯ ಅಪೂರ್ಣವಾಗಿರುವ ಬಿ, ಸಿ ಶ್ರೇಣಿಗಳಲ್ಲಿ ನಿರೀಕ್ಷೆ ಹೆಚ್ಚು. ಬಹುಪಾಲು ಸುಧಾರಣೆ ಮೊದಲ 6ರಿಂದ 9 ತಿಂಗಳಲ್ಲಿ ಕಾಣುತ್ತದೆ, ಆಮೇಲೆ ನಿಧಾನಿಸುತ್ತದೆ.

ಹೈದರಾಬಾದ್
1960ರ ದಶಕದಲ್ಲಿ ಮೂಳೆ ಆಸ್ಪತ್ರೆಯಾಗಿ ಆರಂಭವಾದ ಪಂಜಾಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆ (ನಿಮ್ಸ್) ಹೈದರಾಬಾದಿನಲ್ಲಿ ಇಂಥ ಗಾಯಗಳ ಚಿಕಿತ್ಸೆಯ ಪ್ರಮುಖ ಕೇಂದ್ರ. ವಾಹನ ಅಪಘಾತಗಳಲ್ಲದೆ, ತಾಳೆ ಮತ್ತು ಈಚಲು ಮರಗಳಿಂದ ಶೇಂದಿ ಇಳಿಸುವವರ ಬೀಳುವಿಕೆ ತೆಲಂಗಾಣದಲ್ಲಿ ಇಂಥ ಗಾಯಗಳಿಗೆ ಗೊತ್ತಿರುವ ಕಾರಣ. 2024ರಲ್ಲಿ ರಾಜ್ಯ ಸರ್ಕಾರ ಶೇಂದಿ ಇಳಿಸುವವರಿಗೆ ಅವರ ದೈವ ಕಾಟಮಯ್ಯನ ಹೆಸರಿನ ಸುರಕ್ಷಾ ಕಿಟ್‌ಗಳನ್ನು ಹಂಚತೊಡಗಿತು.

ಪುನಶ್ಚೇತನ
ಮನೆಗೆ ಮರಳಿದ ಮೇಲೆ ಜೀವಕ್ಕೆ ಕುತ್ತು ತರುವವು ಹಾಸಿಗೆಹುಣ್ಣು, ಮೂತ್ರದ ಸೋಂಕು, ಮೂತ್ರಪಿಂಡದ ಹಾನಿ. ಹೊತ್ತುಹೊತ್ತಿಗೆ ಶುಚಿಯಾದ ನಳಿಕೆಯಿಂದ ಮೂತ್ರ ತೆಗೆಯುವುದನ್ನು ರೋಗಿಗೂ ಮನೆಯವರಿಗೂ ಕಲಿಸುವುದು ಶಸ್ತ್ರಚಿಕಿತ್ಸೆಯಷ್ಟೇ ಅಗತ್ಯವಾದ ಚಿಕಿತ್ಸೆ.